ಮುಂಗಾಲಿನ ಕಿವಿ

ನಾನು ಒಂದು ಚಿಮ್ಮಂಡೆ. ಗುಳೇದಗುಡ್ಡದ ಕಾಶವ್ವನ ಮಗ್ಗದ ಕುಣಿಯಲ್ಲಿ, ತೇವದ ಮಣ್ಣಿನೊಳಗೆ ಮೊಟ್ಟೆಯೊಡೆದು ಬಂದವಳು. ರವಿಕೆಯ ಖಣ ನೇಯುವವರು ನೆಲದ ಮೇಲೆ ಕುಳಿತು, ಕಾಲುಗಳನ್ನು ಕುಣಿಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಹಾಗಾಗಿ ನನ್ನ ಒಡತಿಯ ಮುಖಕ್ಕಿಂತ ಮೊದಲು ನಾನು ಕಂಡದ್ದು ಅವಳ ಬಿರುಕುಬಿಟ್ಟ ಹಿಮ್ಮಡಿಯನ್ನು.

ನಮ್ಮಲ್ಲಿ ಹಾಡುವ ಕೆಲಸ ಗಂಡಸರದು, ಹುಡುಕಿಕೊಂಡು ಹೋಗುವ ಕೆಲಸ ನಮ್ಮದು. ನಿಮ್ಮ ಕಿವಿ ತಲೆಗಿದೆ. ನಮ್ಮದು ಮುಂಗಾಲುಗಳಲ್ಲಿ, ಮೊಣಕಾಲಿನ ಕೆಳಗೆ. ಬಲಗಾಲಿಗೆ ಹಾಡು ಜೋರಾಗಿ ಕೇಳಿದರೆ ಬಲಕ್ಕೆ ತಿರುಗುತ್ತೇವೆ, ಎಡಗಾಲಿಗೆ ಕೇಳಿದರೆ ಎಡಕ್ಕೆ. ಎರಡಕ್ಕೂ ಒಂದೇ ಸಮ ಕೇಳಿತೋ, ಮೂಗಿನ ನೇರಕ್ಕೆ ನಡೆದರಾಯಿತು.

ಕಾಶವ್ವನ ಬಲಗಿವಿ ಚಿಕ್ಕಂದಿನಲ್ಲೇ ಸೋರಿ ಕೆಟ್ಟುಹೋಗಿತ್ತು. ಎಲ್ಲ ಸದ್ದೂ ಎಡಗಡೆಯಿಂದಲೇ ಬಂದಂತೆ ಅವಳಿಗೆ ಅನ್ನಿಸುತ್ತಿತ್ತು. ನೇಯುವುದಕ್ಕೆ ಅದರಿಂದ ತೊಂದರೆಯೇನೂ ಇರಲಿಲ್ಲ. ಆದರೆ ಮಗಳು ಸುವರ್ಣಾ ಹೊಲಿಗೆ ಅಂಗಡಿಯ ಕೆಲಸಕ್ಕೆ ಹೋಗುವಾಗ, ಅಂಬೆಗಾಲಿಡುವ ತನ್ನ ಕೂಸು ಪಾರಿಯನ್ನು ಅವಳ ಬಳಿ ಬಿಡುತ್ತಿದ್ದಳು. ಒಂದು ಸಂಜೆ ಮೊಮ್ಮಗಳು ಬಲಗಡೆಯ ನೀರಿನ ಡ್ರಮ್ಮಿನ ಹಿಂದೆ ಸಿಕ್ಕಿಕೊಂಡು ಅಳುತ್ತಿದ್ದರೆ, ಅಜ್ಜಿ ಎಡಗಡೆಯ ಬೀದಿಗೆ ಓಡಿದಳು. ಅದೇ ಹೊತ್ತಿಗೆ ಸುವರ್ಣಾ ಮನೆಗೆ ಬಂದಳು.

"ಅವ್ವಾ, ಬರೋ ಸ್ವಾಮಾರದಿಂದ ಪಾರಿನ್ನ ನಮ್ಮತ್ತಿ ಊರಾಗ ಬಿಡ್ತೀನಿ. ಅಕಿ ಎಲ್ಲಿ ಅಳಾಕತ್ತಾಳ ಅಂತ ನಿನಗ ತಿಳಿವಲ್ದು."

ಮರುದಿನ ಕಾಶವ್ವನ ಪಾದ ಹಲಗೆಯ ಮೇಲೆ ಲಯ ತಪ್ಪಿ ಬಿತ್ತು. ನನ್ನ ಬಲ ಮುಂಗಾಲು ಅದರಡಿ ಸಿಕ್ಕಿ ಕಿತ್ತುಹೋಯಿತು. ಅವಳು ಬಗ್ಗಿ ನೋಡಿ ಅಯ್ಯೋ ಎಂದು ಮರುಗಿದಳು. ಹೋದದ್ದು ಕಾಲು ಎಂದಷ್ಟೇ ಅವಳಿಗೆ ಗೊತ್ತು, ಕಿವಿಯೂ ಹೋಯಿತೆಂದು ಅವಳಿಗೆ ಹೇಳುವವರು ಯಾರು?

ಮಧ್ಯಾಹ್ನ ಲಾಳಿ ನಿಂತಾಗ, ಕುಣಿಯ ಮೂಲೆಯಲ್ಲಿ ನಮ್ಮವನೊಬ್ಬ ಹಾಡತೊಡಗಿದ. ನಾನು ಹೊರಟೆ. ಉಳಿದದ್ದು ಎಡಗಿವಿಯೊಂದೇ, ಹಾಗಾಗಿ ಎಡಕ್ಕೇ ಸುತ್ತಿದೆ. ಮತ್ತೆ ಸುತ್ತಿದೆ. ನಿಂತೆ, ನಿಧಾನವಾಗಿ ತಿರುಗಿದೆ, ಹಾಡು ಹೆಚ್ಚಾದ ಕಡೆಯನ್ನು ಗುರುತು ಹಿಡಿದು ನಾಲ್ಕು ಹೆಜ್ಜೆ ಇಟ್ಟೆ, ಮತ್ತೆ ನಿಂತು ತಿರುಗಿದೆ. ಕಾಶವ್ವ ಊಟ ಮರೆತು ನೋಡುತ್ತಿದ್ದಳು. ಕೊನೆಗೆ ನಾನು ಅವನ ಮುಂದೆ ನಿಂತಾಗ ಮೆಲ್ಲಗೆ ಅಂದಳು: "ಸುತ್ತಿ ಸುತ್ತಿ ಹ್ವಾದ್ರೂ ಮುಟ್ಟಿದಿ ನೋಡವ್ವ."

ಸೋಮವಾರ ಬಂತು. ಸುವರ್ಣಾ ಮಗುವಿನ ಬಟ್ಟೆಯ ಚೀಲ ಹೆಗಲಿಗೇರಿಸಿದಳು. ಪಾರಿ ಕಾಣಲಿಲ್ಲ. ಎಲ್ಲಿಂದಲೋ ಅಳು ಕೇಳಿತು. ಕಾಶವ್ವ ಅಭ್ಯಾಸಬಲದಿಂದ ಎಡಕ್ಕೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಳು. ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿದಳು. ಅಳು ಹೆಚ್ಚಾದ ಕಡೆ ನಾಲ್ಕು ಹೆಜ್ಜೆ ನಡೆದು ಮತ್ತೆ ತಿರುಗಿದಳು. ಆಮೇಲೆ ಒಳಕೋಣೆಗೆ ಹೋಗಿ, ಮಂಚದ ಕೆಳಗೆ ಕೈಹಾಕಿ ಮೊಮ್ಮಗಳನ್ನು ಎಳೆದು ಎದೆಗೊತ್ತಿಕೊಂಡಳು. ಸುವರ್ಣಾ ಇನ್ನೂ ಹಿತ್ತಲಲ್ಲೇ ಹುಡುಕುತ್ತಿದ್ದಳು.

ಮಗಳು ಬಂದು ತಾಯಿಯನ್ನು ನೋಡಿದಳು. ಚೀಲವನ್ನು ಹೆಗಲಿಂದ ತೆಗೆದು ಗೂಟಕ್ಕೆ ಹಾಕಿ, ಕೆಲಸಕ್ಕೆ ಹೊತ್ತಾಯಿತು ಎಂದು ಹೊರಟಳು.

ಈಗ ನನಗೆ ವಯಸ್ಸಾಗಿದೆ. ನನ್ನ ಮೊಟ್ಟೆಗಳನ್ನು ಇದೇ ಕುಣಿಯ ಮಣ್ಣಿನಲ್ಲಿ ಇಟ್ಟಿದ್ದೇನೆ. ಕಾಶವ್ವ ಆ ಮೂಲೆಗೆ ಪೊರಕೆ ತಾಗಿಸುವುದಿಲ್ಲ, ಹಲಗೆ ತುಳಿಯುವ ಮೊದಲು ಒಮ್ಮೆ ಬಗ್ಗಿ ನೋಡುತ್ತಾಳೆ. ಹೋದ ಕಾಲಿಗಾಗಿ ನನಗೆ ಅವಳ ಮೇಲೆ ಸಿಟ್ಟಿಲ್ಲ. ನಮ್ಮ ಹಾಡನ್ನು ಇಷ್ಟು ಅಕ್ಕರೆಯಿಂದ ಕೇಳುವ ಮನೆ ನನ್ನ ಮಕ್ಕಳಿಗೆ ಸಿಕ್ಕಿತಲ್ಲ, ನನಗೆ ಅಷ್ಟು ಸಾಕು. ಮೇಲೆ ಪಾರಿ ಕಿಲಕಿಲ ನಗುತ್ತಾಳೆ. ಕುಣಿಯಲ್ಲಿ ನಾನೊಂದು ಸುತ್ತು ತಿರುಗುತ್ತೇನೆ, ಮೇಲೆ ಕಾಶವ್ವನೂ ಒಂದು ಸುತ್ತು ತಿರುಗುತ್ತಾಳೆ.