ಗುಲಮೊಹರದ ಧೋಕಾ

ಎರಡು ಮನೆಗಳ ನಡುವಿನ ಗೋಡೆಗೆ ಒತ್ತಿ ಒಂದು ಮರ ಬೆಳೆದರೆ ನೆರಳು ಎರಡೂ ಮನೆಯವರದು, ಉದುರಿದ ಎಲೆ ಮಾತ್ರ ಆಚೆ ಮನೆಯವರದು. ಇಚಲಕರಂಜಿಯ ಒಂದು ಗಲ್ಲಿಯಲ್ಲಿ ಮಲಕವ್ವ ಮತ್ತು ಜನಾಬಾಯಿ ಈ ಒಂದು ವಿಷಯದ ಮೇಲೆಯೇ ವರ್ಷಗಟ್ಟಲೆ ಸುಖವಾಗಿ ಬಾಳಿದ್ದರು. ಬೆಳಿಗ್ಗೆ ಕಸ ಗುಡಿಸುವಾಗ ಜಗಳ. ಮಧ್ಯಾಹ್ನ ಅದೇ ಮರದ ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ.

ಮರ ಮಲಕವ್ವನದು. ಜಮಖಂಡಿ ಕಡೆಯಿಂದ ಗಂಡ ತಮ್ಮಣ್ಣನ ಹಿಂದೆ ಈ ಮಗ್ಗದ ಊರಿಗೆ ಬಂದ ಹೊಸದರಲ್ಲಿ ಅಂಗಳದ ಮೂಲೆಗೆ ಅವಳೇ ನೆಟ್ಟ ಗುಲಮೊಹರ. ಈಗ ಅದರ ಒಂದು ದೊಡ್ಡ ಕೊಂಬೆ ಕಟ್ಟೆಯ ಮೇಲೆ ಚಾಚಿತ್ತು, ಇನ್ನೊಂದು ಗೋಡೆ ದಾಟಿ ಜನಾಬಾಯಿಯ ಮನೆಯ ತಗಡಿನ ಮೇಲೆ. ಮೇ ತಿಂಗಳು ಬಂತೆಂದರೆ ಇಡೀ ಮರ ಕೆಂಪು. ಅದರ ಮೇಲೆ ಮಲಕವ್ವನಿಗೆ ಗಂಡನಿಗಿಂತ ಒಂದು ತೂಕ ಅಭಿಮಾನ ಹೆಚ್ಚು. ತಮ್ಮಣ್ಣನ ತಕರಾರೇನೂ ಇರಲಿಲ್ಲ. ತಕರಾರು ಮಾಡಬೇಕಾದರೆ ಮೊದಲು ಕೇಳಿಸಬೇಕಲ್ಲ!

ಪವರಲೂಮಿನ ಶೆಡ್ಡಿನಲ್ಲಿ ಮೈ ಸವೆಸಿದವರ ಕಿವಿಯೂ ಅಲ್ಲೇ ಸವೆದಿರುತ್ತದೆ. ಆ ಖಟಖಟದೊಳಗೆ ಮಾತಿಗೆ ಕೆಲಸವಿಲ್ಲ, ಕೈಸನ್ನೆಯೇ ಭಾಷೆ. ಹೀಗಾಗಿ ಇಷ್ಟು ವರ್ಷ ಮಹಾರಾಷ್ಟ್ರದಲ್ಲಿದ್ದೂ ತಮ್ಮಣ್ಣ ಕಲಿತ ಮರಾಠಿ ಎಂದರೆ “ಹೋ, ಹೋ”, ಅಂದರೆ ಹೌದು ಹೌದು, ಅಷ್ಟೇ. ಮಲಕವ್ವನದು ಬಜಾರಿನ ಮರಾಠಿ. ಬದನೆಕಾಯಿ ಚೌಕಾಸಿಗೆ ಧಾರಾಳವಾಗಿ ಸಾಕು. ಅದರಾಚೆ ಹೋದರೆ ಅವಳು ಕನ್ನಡಕ್ಕೇ ಒಂದು ಮರಾಠಿ ಬಾಲ ಅಂಟಿಸಿ ಸಾಗಹಾಕುತ್ತಿದ್ದಳು.

ಹಿಂದೊಮ್ಮೆ ಮರದ ಕಾಂಡದಲ್ಲಿ ಪೊಟರೆ ಬಿತ್ತು. ತಮ್ಮಣ್ಣ ಸಿಮೆಂಟು ಕಲಸಿ ಅದನ್ನು ತುಂಬಿಬಿಟ್ಟ. “ಹುಳುಕ ಹಲ್ಲಿಗೆ ಡಾಕ್ಟರ ತುಂಬೂದಿಲ್ಲೇನು? ಹಂಗ,” ಎಂದ. ಸಿಮೆಂಟು ಉಳಿಯಿತೆಂದು ಬುಡದ ಸುತ್ತ ಕಟ್ಟೆ ಕಟ್ಟಿ, ಬೇರಿಗೆ ಗಾಳಿ ಹೋಗಲು ಬೆರಳು ಸಂದಿಯೂ ಇಲ್ಲದಂತೆ ಮೇಲೆ ಫರಸಿ ಕಲ್ಲು ಹಾಸಿದ. ಮಲಕವ್ವ ಸುಣ್ಣ, ಕಾವಿಯ ಪಟ್ಟೆ ಎಳೆದಳು. ಮಳೆಗಾಲದಲ್ಲಿ ಫರಸಿಯ ಅಂಚಿನಿಂದ ಕಾಂಡಕ್ಕಂಟಿ ನಾಯಿಕೊಡೆಗಳು ಎದ್ದಾಗ “ಬುಡಕ್ಕ ತಂಪು ಹಿಡದೈತಿ” ಎಂದು ಸಂತೋಷವನ್ನೂ ಪಟ್ಟಳು.

ಜನಾಬಾಯಿಗೆ ಮಾತ್ರ ಆ ಮರ ಸರಿಕಾಣಲಿಲ್ಲ. ಒಂದು ದಿನ ಕಟ್ಟೆಯ ಮೇಲೆ ಕೂತವಳು ತಲೆ ಎತ್ತಿ ನೋಡಿ, ತನ್ನ ಮರಾಠಿಯಲ್ಲಿ “ಮಲಕವ್ವಾ, ತುಮಚ್ಯಾ ಝಾಡಾಚಾ ಧೋಕಾ ಆಹೇ ಗ,” ಎಂದಳು.

ಝಾಡ ಎಂದರೆ ಮರ, ಅಷ್ಟು ಗೊತ್ತಿತ್ತು. ಆದರೆ ಧೋಕಾ! ಮಲಕವ್ವನ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಅವಳ ಊರಿನಲ್ಲಿ ಧೋಕಾ ಎಂದರೆ ಮೋಸ. ಪಾಲುದಾರ ಗಲ್ಲಾ ಎತ್ತಿಕೊಂಡು ಓಡಿದರೆ ಧೋಕಾ; ಅಕ್ಕನನ್ನು ತೋರಿಸಿ ತಂಗಿಯನ್ನು ಕೊಟ್ಟರೆ ಧೋಕಾ. ಹಾಗಾದರೆ ಈಕೆ ಹೇಳುವುದೇನು? ಗೋಡೆಯ ಮೇಲೆ ಮರ ಚಾಚಿಸಿ ತನ್ನ ಜಾಗ ನುಂಗಲು ಮಲಕವ್ವ ಹೊಂಚು ಹಾಕಿದ್ದಾಳೆ ಎಂದೇ?

ಮನೆಯೊಳಗೆ ಹೋಗಿ ಗಂಡನೆದುರು ಸೆರಗು ಒದರಿದಳು. “ಕೇಳಿದ್ರೇನ್ರಿ? ಜನಾಬಾಯಿ ನಮಗ ಧೋಕಾ ಅಂದ್ಲು!”

“ತೋಫಾ?” ತಮ್ಮಣ್ಣನ ಮುಖ ಅರಳಿತು. “ಏನ್ ಕೊಟ್ಲು?”

ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು. ಜನಾಬಾಯಿಗೆ ಕಾರಣವೇ ತಿಳಿಯಲಿಲ್ಲ. ಆದರೂ ದಿನಕ್ಕೊಮ್ಮೆ ಮೇಲೆ ನೋಡುವುದು, “ಧೋಕಾ ಆಹೇ” ಎನ್ನುವುದು ಬಿಡಲಿಲ್ಲ. ಕಟ್ಟೆಯ ನೆರಳನ್ನೂ ಬಿಡಲಿಲ್ಲ, ಅದು ಬೇರೆ ಮಾತು.

ಈ ಬೇಸಿಗೆಯಲ್ಲಿ ಪಾಲಿಕೆಯ ಉದ್ಯಾನ ವಿಭಾಗದ ಭರತೇಶ ಮಳೆಗಾಲಕ್ಕೆ ಮುಂಚಿನ ತಪಾಸಣೆಗೆ ಬಂದ. ಮಲಕವ್ವ ಬಜಾರಿಗೆ ಹೋಗಿದ್ದಳು. ಭರತೇಶ ಕಾಂಡವನ್ನು ಬಡಿದು ನೋಡಿ, ಕೆಂಪು ಬಣ್ಣದಲ್ಲಿ ಅದರ ಮೇಲೊಂದು ಪದ ಬರೆದು, ಮುಂದೇನು ಮಾಡಬೇಕೆಂದು ಮರಾಠಿಯಲ್ಲಿ ವಿವರವಾಗಿ ತಿಳಿಸಿದ. ತಮ್ಮಣ್ಣ ಪೂರ್ತಿ ಕೇಳಿ, “ಹೋ, ಹೋ” ಎಂದ.

“ಏನ್ ಬರದಾರ್ರಿ ಇದು?” ಬಜಾರಿನಿಂದ ಬಂದ ಮಲಕವ್ವ ಕೇಳಿದಳು. ಬಟ್ಟೆಯ ಗಂಟುಗಳ ಮೇಲಿನ ಗುರುತು ಓದಿ ಓದಿ ತಮ್ಮಣ್ಣನಿಗೆ ಮರಾಠಿ ಅಕ್ಷರಗಳ ಪರಿಚಯವಿತ್ತು. ಬೆರಳಿಟ್ಟು ಓದಿದ: “ಧೋ... ಕಾ... ದಾ... ಯ... ಕ.”

“ಆಕಿದ ಕೆಲಸ! ಪಾಲಿಕೀಗಿ ಹೋಗಿ ಚಾಡಿ ಹೇಳ್ಯಾಳ. ಒಂದು ಮರಕ್ಕ ಧೋಕೇಬಾಜ ಅಂತ ಹಣಿಪಟ್ಟಿ ಹಚ್ಚತಾರಂದ್ರ!” ಎಂದವಳೇ ಸುಣ್ಣದ ಬಕೆಟ್ಟು ತಂದು ಆ ಕೆಂಪು ಕಾಣದಂತೆ ಬಳಿದುಬಿಟ್ಟಳು.

ಕೆಲವು ದಿನ ಕಳೆದವು. ಅಂದು ಮಧ್ಯಾಹ್ನ ಬಲವಾದ ಸೆಕೆ. ಮುಂಗಾರಿಗೆ ಮುಂಚೆ ಗಾಳಿ ಎಬ್ಬಿಸಿಕೊಂಡು ಬರುವ ವಳೀವದ ಮಳೆಗೆ ಮೋಡ ಕಟ್ಟಿತ್ತು. ಜನಾಬಾಯಿ ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಅವಳ ಹೊಸ ಸೊಸೆ ರುತುಜಾ ಆಚೆ ಬಾಗಿಲ ಹೊರಗೆ ನಿಂತಿದ್ದಳು. ಎಲೆಗಳು ಒಮ್ಮೆ ಜೋರಾಗಿ ಅಲುಗಿದವು. ಜನಾಬಾಯಿ ಮೇಲೆ ನೋಡಿ, “ಲಈ ಧೋಕಾ ಆಹೇ ಬಾಈ,” ಎಂದಳು.

ಹೊಸ್ತಿಲಲ್ಲಿ ಕೂತಿದ್ದ ಮಲಕವ್ವನ ಸಹನೆ ಹರಿಯಿತು. “ನನ್ನ ಕಟ್ಟಿ ಮ್ಯಾಲ ಕುಂತು, ನನ್ನ ನೆರಳು ತಿಂದು, ನನಗ ಧೋಕಾ ಅಂತಿ? ಏಳು ಮೊದಲ! ಉಠಾ! ಉಠಾ!”

ಈ ಮರಾಠಿ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಜನಾಬಾಯಿಯ ಮುಖ ಕೆಂಪಾಯಿತು. “ಉಠತೇ ಬಾಈ, ಉಠತೇ!” ಎಂದು ಮೊರ ಅಲ್ಲೇ ಬಿಟ್ಟು ಎದ್ದು, ದಡದಡ ಹೋಗಿ ಬಾಗಿಲು ಧಡಾರನೆ ಹಾಕಿಕೊಂಡಳು. ಅದರ ಹಿಂದೆಯೇ ಇನ್ನೊಂದು ಸಪ್ಪಳ. ಜನಾಬಾಯಿ ಇನ್ನೊಂದು ಬಾಗಿಲನ್ನೂ ಹಾಕಿಕೊಂಡಳೆಂದು ಮಲಕವ್ವ ಭಾವಿಸಿದಳು.

ಅದು ಬಾಗಿಲಾಗಿರಲಿಲ್ಲ.

ಧೂಳು ಇಳಿದಾಗ ಅಂಗಳ ಕಾಣಲಿಲ್ಲ, ಬರೀ ಕೆಂಪು ಹೂವು ಕಂಡಿತು. ಕೊಂಬೆ ಕಟ್ಟೆಯ ಮೇಲೆ ಅಡ್ಡಬಿದ್ದಿತ್ತು. ಜನಾಬಾಯಿ ಕೂತಿದ್ದ ಫರಸಿ ಎರಡು ತುಂಡು. ಮೊರ ಎಲ್ಲಿದೆಯೆಂದು ಹುಡುಕಬೇಕಾಗಿತ್ತು. ಅಕ್ಕಿ ಹೊಸ್ತಿಲ ತನಕ ಚೆಲ್ಲಿತ್ತು. ತಮ್ಮಣ್ಣ ತುಂಬಿದ ಸಿಮೆಂಟಿನ ಗಡ್ಡೆ ಕಿತ್ತ ದವಡೆ ಹಲ್ಲಿನಂತೆ ಉರುಳಿ ಬಂದು ಮಲಕವ್ವನ ಕಾಲ ಬಳಿ ನಿಂತಿತ್ತು. ಅವಳು ಮರದ ಕಡೆ ನೋಡಿದಳು. ಕೊಂಬೆ ಸೀಳಿದ ಜಾಗದಲ್ಲಿ ಮರವೇ ಇರಲಿಲ್ಲ. ಸುತ್ತ ಅಂಗೈ ದಪ್ಪದ ತೊಗಟೆ, ಒಳಗೆ ಚಹಾದಲ್ಲಿ ನೆನೆದ ಬಿಸ್ಕೀಟಿನಂಥ ಕರಿ ಮುದ್ದೆ. ಇಷ್ಟು ಹೂ ಬಿಟ್ಟ ಮರ!

ಜನಾಬಾಯಿ ಹೊರಗೆ ಬಂದಳು. ತಾನು ಕೂತಿದ್ದ ಜಾಗವನ್ನು ನೋಡಿದಳು. ಗೋಡೆ ಹಿಡಿದುಕೊಂಡಳು.

ಮೊದಲು ಮಾತಾಡಿದವಳು ರುತುಜಾ, ಅದೂ ಕನ್ನಡದಲ್ಲಿ. “ಕಾಕು, ನಿಮಗೇನರ ಪೆಟ್ಟಾತೇನ್ರಿ?”

ಮಲಕವ್ವ ಎರಡನೇ ಸಲ ಬೆಚ್ಚಿದಳು. “ನಿನಗ ಕನ್ನಡ ಬರ್ತೈತೇನ?”

“ನನ್ನ ತವರಮನಿ ಗಡಹಿಂಗ್ಲಜ ಹಂತ್ಯಾಕ, ಮಹಾಗಾಂವ ರೀ. ಮನ್ಯಾಗ ಕನ್ನಡಾನ. ಆದ್ರ ಈ ಎರಡು ಮನಿಗಿ ಮಾತಿಲ್ಲ ಅಂದ್ರು, ನಾನೂ ಸುಮ್ನಿದ್ದೆ.”

“ಹಂಗಾರ ನಿಮ್ಮತ್ತೀಗಿ ಕೇಳವಾ. ದಿನಾ ನನಗ ಧೋಕಾ ಧೋಕಾ ಅಂತಿದ್ಲಲ್ಲ, ನಾ ಏನ್ ಮೋಸ ಮಾಡೇನಿ ಆಕೀಗಿ?”

ರುತುಜಾ ಕಣ್ಣು ಅರಳಿಸಿ ನಿಂತಳು. “ಅಯ್ಯ ಕಾಕು! ಮರಾಠಿಯೊಳಗ ಧೋಕಾ ಅಂದ್ರ ಮೋಸ ಅಲ್ಲರೀ. ಅಪಾಯ. ಮರದ ಅಪಾಯ ಐತಿ, ಬೀಳತೈತಿ ಅಂತ ಹೇಳಾಕತ್ತಿದ್ರು.”

“ಮತ್ತ ಆ ಪಾಲಿಕೀಯವ ಬರದು ಹೋಗಿದ್ದು?”

“ಧೋಕಾದಾಯಕ. ಅಪಾಯದ ಮರ.”

ಮಲಕವ್ವ ತಲೆಯ ಮೇಲೆ ಕೈ ಹೊತ್ತು ಕೂತಳು. “ಅದರ ಮ್ಯಾಲ ನಾ ಸುಣ್ಣಾ ಬಳದೆ!”

ಅಷ್ಟರಲ್ಲಿ ತಮ್ಮಣ್ಣ ಒಳಗಿನಿಂದ ಕೊಡಲಿ ಹಿಡಿದು ಬಂದ. “ಸರೀರಿ. ಈಗಿಂದೀಗ ಉಳದದ್ದೂ ಉರಳಸ್ತೇನಿ.”

ರುತುಜಾ ಕಿರುಚಿದಳು. ಬಿದ್ದ ಕೊಂಬೆ ಕಂಬದಿಂದ ಮನೆಗೆ ಬರುವ ಕರೆಂಟಿನ ವಾಯರನ್ನು ಎಳೆದುಕೊಂಡು ಬಿದ್ದಿತ್ತು. “ಕಾಕಾ! ಮುಟ್ಟಬ್ಯಾಡ್ರಿ! ವಾಯರ ಐತಿ!”

“ಹೋ, ಹೋ,” ಎಂದು ತಮ್ಮಣ್ಣ ಮುಂದೆ ನಡೆದ.

ಆಗ ಮಲಕವ್ವ ಎದುರಿಗೆ ಜಿಗಿದು ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಕಟ್ಟಿದಳು. ಅವರ ಶೆಡ್ಡಿನಲ್ಲಿ ಅದು ‘ಮಗ್ಗ ನಿಲ್ಲಿಸು’ ಎನ್ನುವ ಸನ್ನೆ. ಊಟದ ಬುತ್ತಿ ಒಯ್ದು ಕೊಡುವಾಗ ಅವಳು ಕಂಡಿದ್ದಳು. ತಮ್ಮಣ್ಣನ ಕಾಲು ಇದ್ದಲ್ಲೇ ಕಂಬವಾಯಿತು. ಅವಳು ತೋರಿಸಿದತ್ತ ನೋಡಿದ. ಎಲೆಗಳ ನಡುವೆ ಕರೀ ವಾಯರು ಕಂಡಿತು. ಕೊಡಲಿ ಕೈಯಿಂದ ಜಾರಿತು.

ರುತುಜಾ ವಿದ್ಯುತ್ ಕಚೇರಿಗೂ ಪಾಲಿಕೆಗೂ ಫೋನು ಮಾಡಿದಳು. ಕರೆಂಟಿನವರು ಬಂದು ಲೈನು ಬಂದ್ ಮಾಡಿ ವಾಯರು ಬಿಡಿಸುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಕಾಯುತ್ತ ನಿಂತ ತಮ್ಮಣ್ಣನಿಗೆ ಮಲಕವ್ವ ಆ ಪದದ ಅರ್ಥವನ್ನು ಕೂಗಿ ತಿಳಿಸಿದಳು. ಅವನಿಗೆ ಕೋಪ ಬಂತು. ಯಾರ ಮೇಲೆಂದು ಗೊತ್ತಾಗದೆ ಪಾಲಿಕೆಯ ಮೇಲೆ ಬಂತು.

“ಅಪಾಯ ಐತಿ ಅಂತ ಬರದು ಹೋದ್ರಲ್ಲ, ಅವರ ಬಂದು ಕಡೀಬೇಕಿತ್ತು!”

ರುತುಜಾ ಅವನ ಕಿವಿಯ ಬಳಿ ಬಾಯಿಟ್ಟು ಹೇಳಿದಳು. “ರಸ್ತಾದಾಗಿನ ಮರ ಆದ್ರ ಅವರು ನೋಡಕೋತಾರ, ಕಾಕಾ. ಇದು ನಿಮ್ಮ ಅಂಗಳದ್ದು. ಆರೈಕಿ, ತಪಾಸಣಿ, ಕಡಸೂದು, ಎಲ್ಲಾ ಜಾಗಾದ ಮಾಲಕರ ಹೊಣಿ.”

“ನಮ್ದ ಆದ್ರ ನಾ ಹ್ಯಾಂಗ ಬೇಕಾದ್ರ ಹಂಗ ಕಡೀತೇನಿ. ಯಾರನ್ಯಾಕ ಕೇಳ್ಲಿ?”

“ಕಡಿಯಾಕ ಪಾಲಿಕೀದು ಬರವಣಿಗಿ ಪರವಾನಗಿ ಬೇಕು. ಇಲ್ಲಾಂದ್ರ ದಂಡ ಬೀಳತೈತಿ.”

“ಇದೇನವಾ ಹೊಸಾದು! ಲಗ್ನ ನಮ್ದು, ಊಟ ನಮ್ದು, ಅಕ್ಕಿಕಾಳು ಒಗ್ಯಾಕ ಅಷ್ಟ ಅವರು?”

“ಹಂಗ ಅನಕೋರಿ,” ಎಂದು ರುತುಜಾ ನಕ್ಕಳು. “ನಂದ ಮರ ಅಂತ ಎಲ್ಲಾರೂ ಕಡಕೋತ ಹ್ವಾದ್ರ ಈ ಊರಾಗ ನೆರಳ ಎಲ್ಲಿ ಉಳೀತೈತ್ರಿ? ನಮ್ಮ ಅಪ್ಪಾನೂ ನಿಮ್ಮಂಗ ಅಂತಿದ್ದ. ನಮ್ಮ ಹುಣಸಿ ಮರ ವಾಲಿದ್ದು ಕಂಡೂ, ಮುಂದಿನ ವರ್ಷ ನೋಡೂನು ಅಂದ. ಅದು ಬಾಜೂಮನಿ ಗ್ವಾಡಿ ಮ್ಯಾಲ ಬಿತ್ತು. ಗ್ವಾಡಿ ಕಟ್ಟಿಕೊಟ್ಟ, ಖರೆ. ಅದರ ಕೆಳಗ ಸತ್ತ ಎಮ್ಮಿ ಎಲ್ಲಿಂದ ತರೂದು? ಇವತ್ತು ಎಮ್ಮಿ ಅಲ್ಲ, ಕಾಕಾ. ನಮ್ಮತ್ತಿ ಕುಂತಿದ್ರು ಅಲ್ಲಿ.”

ತಮ್ಮಣ್ಣ ಈ ಸಲ “ಹೋ, ಹೋ” ಎನ್ನಲಿಲ್ಲ. ಒಡೆದ ಫರಸಿಯನ್ನು ನೋಡುತ್ತ ನಿಂತ.

ಭರತೇಶ ಬಂದವನು ಮರವನ್ನು ಒಂದು ಸುತ್ತು ಹಾಕಿ, “ನಾ ಕೆಂಪು ಬಣ್ಣದ ಖೂಣ ಮಾಡಿದ್ದೆ, ಎಲ್ಲಿ ಹೋತು?” ಎಂದು, ಇದು ಕನ್ನಡದ ಮನೆಯೆಂದು ಈಗ ತಿಳಿದು, ತನ್ನ ಶಿರೋಳ ಕಡೆಯ ಕನ್ನಡದಲ್ಲಿ ಕೇಳಿದ. ಮಲಕವ್ವ ಕುಡಗೋಲಿನ ಬೆನ್ನಿನಿಂದ ಸುಣ್ಣ ಕೆರೆದಳು. ಕೆಂಪು ಅಕ್ಷರ ಒಂದೊಂದಾಗಿ ಹೊರಬಂದವು. ಸಿಮೆಂಟು ಪೊಟರೆಯನ್ನು ಮುಚ್ಚುತ್ತದೆ, ಗುಣಪಡಿಸುವುದಿಲ್ಲ. ಒಳಗೆ ನೀರು ನಿಂತು ಕೊಳೆತದ್ದು ಹೊರಗೆ ಕಾಣುವುದೇ ಇಲ್ಲ ಎಂದು ಭರತೇಶ ಹೇಳಿದ. ಬುಡದ ನಾಯಿಕೊಡೆ ಬೇರು ಕೊಳೆಯುವುದರ ಸುಳಿವಂತೆ. ತಂಪಿನ ಸಂತೋಷ ನೆನೆದು ಮಲಕವ್ವ ಕುಡಗೋಲು ಕೆಳಗಿಟ್ಟಳು.

ಉಳಿದ ಅರ್ಧ ಮರ ಜನಾಬಾಯಿಯ ತಗಡಿನ ಮೇಲೆ ಬಾಗಿಯೇ ಇತ್ತು. ಪರವಾನಗಿ ಕೈಗೆ ಬಂದು, ಕೆಲಸ ಬಲ್ಲವರು ಹಗ್ಗ ಕಟ್ಟಿ ತುಂಡು ತುಂಡಾಗಿ ಅದನ್ನು ಇಳಿಸುವವರೆಗೆ ಜನಾಬಾಯಿಯ ಮನೆಮಂದಿಯನ್ನು ಮಲಕವ್ವ ತನ್ನ ಹಿಂದಿನ ಕೋಣೆಗೆ ಕರೆದುಕೊಂಡಳು. ತಗಡಿನ ಕೆಳಗೆ ಮಲಗಲು ಬಿಡಲೇ ಇಲ್ಲ. ಜನಾಬಾಯಿಯ ಗೊರಕೆ ಎಂಥದೆಂದು ಆಗ ತಿಳಿಯಿತು. ತಮ್ಮಣ್ಣನಿಗೆ ಮಾತ್ರ ಏನೂ ತೊಂದರೆಯಾಗಲಿಲ್ಲ.

ಈಗ ಆ ಅಂಗಳದಲ್ಲಿ, ಗೋಡೆಯಿಂದಲೂ ವಾಯರಿನಿಂದಲೂ ದೂರದಲ್ಲಿ, ಎರಡು ಬೇವಿನ ಸಸಿಗಳಿವೆ. ಬುಡಕ್ಕೆ ಬರೀ ಮಣ್ಣು. ಮಧ್ಯಾಹ್ನ ಮಲಕವ್ವ ಗಲ್ಲಿ ಸುತ್ತುತ್ತಾಳೆ, ಕೊರಳು ಮೇಲೆತ್ತಿ. ಮೊನ್ನೆ ಯಡ್ರಾವ ಕಡೆ ಹೊಸದಾಗಿ ಮನೆ ಮಾಡಿದ, ತನ್ನದೇ ಸೀಮೆಯ ಲಗಮವ್ವನ ಅಂಗಳದಲ್ಲಿ ನಿಂತು, ಒಣಗಿದ ಕೊಂಬೆ ಕಂಡು ಗಾಬರಿಯಲ್ಲಿ ಮರಾಠಿಯಲ್ಲೇ ಕೂಗಿಬಿಟ್ಟಳು: “ಲಗಮವ್ವಾ, ತುಮಚ್ಯಾ ಝಾಡಾಚಾ ಧೋಕಾ ಆಹೇ!”

ಲಗಮವ್ವ ಸೊಂಟಕ್ಕೆ ಕೈಯಿಟ್ಟು ಹೊರಗೆ ಬಂದಳು. “ಯಾರಿಗೆ ಧೋಕಾ ಅಂತೀಬೇ?”

“ಬೈಯೂದು ಆಮ್ಯಾಲ ಬೈಯವಾ,” ಎಂದು ಮಲಕವ್ವ ಅವಳ ರಟ್ಟೆ ಹಿಡಿದೆಳೆದಳು. “ಮೊದಲ ಅದರ ಬುಡದಿಂದ ಈಚೀಗಿ ಬಾ.”

ಓದುಗರೇ, ನೀವು ಇದನ್ನು ಮರದ ನೆರಳಿನಲ್ಲಿ ಕೂತು ಓದುತ್ತಿದ್ದರೆ ಒಮ್ಮೆ ತಲೆ ಎತ್ತಿ. ಒಣಗಿದ ಕೊಂಬೆ, ಪೊಟರೆ, ಸೀಳು, ಬುಡದ ನಾಯಿಕೊಡೆ, ಹೊಸದಾಗಿ ವಾಲಿದ ಕಾಂಡ, ಬಿರುಕು ಬಿಟ್ಟ ನೆಲ: ಇವುಗಳಲ್ಲಿ ಒಂದು ಕಂಡರೂ ಮಳೆಗೆ ಮುಂಚೆ ತಿಳಿದವರಿಗೆ ತೋರಿಸಿ. ನಿಮ್ಮ ಜಾಗದ ಮರ ನಿಮ್ಮ ಹೊಣೆ. ಕಡಿಯಬೇಕಾದರೆ ಊರಿನಲ್ಲಿ ಪಾಲಿಕೆಯಲ್ಲಿ, ಹಳ್ಳಿಯಲ್ಲಿ ಪಂಚಾಯಿತಿ ಮತ್ತು ಅರಣ್ಯ ಇಲಾಖೆಯಲ್ಲಿ ಮೊದಲು ಕೇಳಿ. ಈಗಲೋ ಆಗಲೋ ಬೀಳುವಂತಿದ್ದರೆ ಜನರನ್ನು ದೂರ ಸರಿಸಿ, ಕೂಡಲೇ ಫೋನು ಮಾಡಿ. ವಾಯರು ತಾಗಿದ ಕೊಂಬೆಯನ್ನು ಮುಟ್ಟಲೇಬೇಡಿ. ಒಂದು ಮರ ತೆಗೆದವರು ಸರಿಯಾದ ಜಾಗದಲ್ಲಿ ಮತ್ತೆ ನೆಡಿ. ಮತ್ತು ಗೋಡೆಯಾಚೆಯಿಂದ ನೆರೆಯವರು ಏನಾದರೂ ಕೂಗಿದರೆ, ಸಿಟ್ಟಾಗಲು ಆಮೇಲೆ ಬೇಕಾದಷ್ಟು ಸಮಯವಿದೆ. ಮೊದಲು ಮೇಲೆ ನೋಡಿ.