ಅಪ್ಪನ ಮೊಣಕೈ

ಊರವರ ಮದುವೆ ಫೋಟೊ ತೆಗೆದು ತೆಗೆದು ಬೇಸತ್ತ ಮಗಳು, ಕ್ಯಾಮೆರಾವನ್ನು ಸ್ವಂತ ಮನೆಯವರ ಕಡೆಗೇ ತಿರುಗಿಸಿದ್ದಳು. ಮೊದಮೊದಲು ಎಲ್ಲರೂ ತಲೆ ಬಾಚಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಎದುರು ನಿಂತರು. ಬರಬರುತ್ತ ಸಾಕಾಗಿ, ಅವಳ ಕೈಯಲ್ಲಿ ಕ್ಯಾಮೆರಾ ಇರುವುದನ್ನೇ ಮರೆತರು. ಅವಳು ಕಾದಿದ್ದೂ ಅದಕ್ಕೇ.

ನಾಳೆ ಅವಳ ಮೊದಲ ಪ್ರದರ್ಶನ. ಚಿತ್ರದಲ್ಲಿರುವವರು ಬೇಡವೆಂದರೆ ಆ ಚಿತ್ರ ಗೋಡೆ ಹತ್ತುವುದಿಲ್ಲ ಎಂದು ಅವಳೇ ಮಾತು ಕೊಟ್ಟಿದ್ದಳು. ಹಾಗಾಗಿ ಊಟದ ಮೇಜಿನ ಮೇಲೆ ಎಲ್ಲವನ್ನೂ ಹರಡಿ, ಮನೆಯವರನ್ನು ಕರೆದಳು.

ಒಂದು ಚಿತ್ರದಲ್ಲಿ ಹಲ್ಲಿನ ಸೆಟ್ಟು ಬಿಚ್ಚಿಟ್ಟು, ಬಾಯಿ ತೆರೆದು ಮಲಗಿದ್ದ ತನ್ನನ್ನೇ ಕಂಡು ಸೋದರತ್ತೆ ಹೌಹಾರಿದಳು. "ನಿನ್ನ ಕೈ ಸೇದಿಹೋಗ! ಹೆಣ ಮಲಗಿಸಿದ ಹಾಗಿದೆಯಲ್ಲೇ!"

ಪಕ್ಕದ ಚಿತ್ರದಲ್ಲಿ ಚಿಕ್ಕಪ್ಪ ಕನ್ನಡಿ ಮುಂದೆ ಹೊಟ್ಟೆ ಎಳೆದುಕೊಂಡು ನಿಂತಿದ್ದ. ಅದನ್ನು ಕಂಡದ್ದೇ ಅತ್ತೆಗೆ ನಗು ತಡೆಯಲಾಗಲಿಲ್ಲ. "ಇದು ಮಾತ್ರ ಇರ್ಲೇಬೇಕು ಕಣೇ. ಹೊಟ್ಟೆ ಒಳಗೆ, ಜಂಬ ಹೊರಗೆ!"

"ಹಾಗಾದ್ರೆ ನಿನ್ನ ಬೊಚ್ಚುಬಾಯೂ ಇರ್ಲಿ ಅಕ್ಕಾ," ಎಂದ ಚಿಕ್ಕಪ್ಪ.

ಇನ್ನೊಬ್ಬರ ಮಾನ ಹರಾಜಾಗುವ ಖುಷಿಗೆ ಇಬ್ಬರೂ ತಂತಮ್ಮ ಮಾನ ಬಿಟ್ಟುಕೊಟ್ಟರು. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಉಳಿದದ್ದು ಅಮ್ಮನ ಚಿತ್ರ. ಅದೊಂದಿಲ್ಲದಿದ್ದರೆ ಮಿಕ್ಕವೆಲ್ಲ ಬರೀ ತಮಾಷೆ ಎಂದು ಮಗಳಿಗೆ ಗೊತ್ತಿತ್ತು. ಊಟಕ್ಕೆ ಕೂತ ಅಮ್ಮ ಪಕ್ಕಕ್ಕೆ ನೋಡುತ್ತಿದ್ದಾಳೆ. ಬಾಗಿಲಿಗೆ ಬಂದ ಅಪರಿಚಿತನನ್ನು ಒಳಗೆ ಕರೆಯಲೋ, ಚಿಲಕ ಹಾಕಲೋ ಎಂದು ಅಳೆಯುವ ನೋಟ. ಕಂಡವರ ಮೈ ಜುಮ್ಮೆನ್ನಬೇಕು. ಚಿತ್ರದ ಅಂಚಿನಲ್ಲಿ ಅಪ್ಪನ ಮೊಣಕೈ.

ಅಪ್ಪನ ನಗು ನಿಂತಿತು. "ಯಾಕೆ ನನ್ನ ಹೀಗೆ ನೋಡ್ತಿದೀಯ?"

"ಮದುವೆಯಾದಾಗಿಂದ ಹೀಗೇ ನೋಡ್ತಿದೀನಿ. ನೀವು ತಟ್ಟೆಯಿಂದ ತಲೆ ಎತ್ತಿಲ್ಲ ಅಷ್ಟೇ," ಎಂದಳು ಅಮ್ಮ.

"ತೆಗಿ ಇದನ್ನ!"

"ಅಮ್ಮ ಬೇಡ ಅಂದ್ರೆ ಮಾತ್ರ, ಅಪ್ಪಾ."

"ನಾನೇನೂ ಬೇಡ ಅಂದಿಲ್ಲ," ಎಂದಳು ಅಮ್ಮ.

ಅಪ್ಪ ಚಿತ್ರದ ಅಂಚಿಗೆ ಬೆರಳಿಟ್ಟ. "ನನ್ನ ಮೊಣಕೈ ಇದೆಯಲ್ಲ ಇದ್ರಲ್ಲಿ! ನನ್ನ ಮಾತೂ ನಡೀಬೇಕು."

ಕೊಟ್ಟ ಮಾತು ಮಗಳ ಕೊರಳಿಗೇ ಸುತ್ತಿಕೊಂಡಿತು. ಅತ್ತ ಇತ್ತ ನೋಡಿ, ಬೇರೆ ದಾರಿ ಕಾಣದೆ, ಕತ್ತರಿ ತಂದಳು. "ಸರಿ, ಮೊಣಕೈ ಕತ್ತರಿಸಿಬಿಡ್ತೀನಿ. ಆಗ ನೀನು ಇರೋದೇ ಇಲ್ಲ."

ಆ ನೋಟ ತನ್ನ ಮೇಲಿನದೆಂದು ಇನ್ನು ಯಾರಿಗೂ ತಿಳಿಯದಲ್ಲ ಎಂದು ಅಪ್ಪ ಗೆದ್ದವನಂತೆ ಕುರ್ಚಿಗೆ ಒರಗಿದ.

"ಕತ್ತರಿಸು ಮಗಳೇ," ಎಂದಳು ಅಮ್ಮ, ಸಾವಕಾಶವಾಗಿ. "ಇವಳು ಯಾವ ಗಂಡಸನ್ನ ಹೀಗೆ ನೋಡ್ತಿದಾಳೆ ಅಂತ ಬಂದೋರೆಲ್ಲ ತಲೆ ಕೆಡಿಸ್ಕೊಳ್ಳಲಿ."

ಕತ್ತರಿ ಬಾಯಿ ತೆರೆದಿತ್ತು. "ತಡಿ, ತಡಿ!" ಅಪ್ಪ ಚಿತ್ರದ ಮೇಲೆ ಅಂಗೈ ಊರಿದ. "ಮೊಣಕೈ ಇರ್ಲಿ. ಕೆಳಗೆ ನನ್ನ ಹೆಸ್ರು ಬರಿ. ದಪ್ಪಕ್ಕೇ ಬರಿ."

ಚಿತ್ರ ಗೋಡೆ ಹತ್ತಿತು. ಆಮೇಲೆ ಊಟಕ್ಕೆ ಕೂತಾಗಲೆಲ್ಲ ಅಪ್ಪ, ತುತ್ತು ಬಾಯಿಗೆ ಹೋಗುವ ಮುಂಚೆ, ಥಟ್ಟನೆ ಪಕ್ಕಕ್ಕೆ ತಿರುಗುತ್ತಿದ್ದ. ಅಷ್ಟರಲ್ಲಿ ಅಮ್ಮ ತನ್ನ ತಟ್ಟೆ ನೋಡುತ್ತಿರುತ್ತಿದ್ದಳು.