ಉಳಿದದ್ದು ನಾಳೆ

ಬೇಬಿ ಕಟ್ಟಿದ ಮಲ್ಲಿಗೆಯನ್ನು ಮತ್ತೆ ಬಿಚ್ಚಿದಳು. ವರ್ಷಗಟ್ಟಲೆ ಕಣ್ಣುಮುಚ್ಚಿಕೊಂಡೇ ಹೂ ಕಟ್ಟಿದ ಬೆರಳುಗಳು ಇವತ್ತು ಹೇಳಿದ ಮಾತು ಕೇಳುತ್ತಿರಲಿಲ್ಲ. ಒದ್ದೆ ಬಾಳೆನಾರು ಜಾರುತ್ತಿತ್ತು, ಮೊಗ್ಗುಗಳು ಮಡಿಲಿಗೆ ಉದುರುತ್ತಿದ್ದವು.

ಗಂಡ ಕರುಣಾಕರ ಸ್ಕೂಟರಿಗೆ ಹೂವಿನ ಬುಟ್ಟಿ ಕಟ್ಟುತ್ತ ಜಗಲಿಯತ್ತ ನೋಡಿದ. ಶಂಕರಪುರ ಪೇಟೆಗೆ ಹೂ ಮುಟ್ಟಿಸುವ ಹೊತ್ತು ಮೀರುತ್ತಿತ್ತು.

“ಅದೊಂದು ಚೆಂಡು ಹೂ ಪೇಟೆಗೆ ಕೊಡುವುದಿಲ್ವಾ?”

“ಇಲ್ಲ. ಇದು ಬಾಯಮ್ಮನಿಗೆ.”

“ಸಾವಿನ ಮನೆಗೆ ನಮ್ಮ ಹೂವಾ?”

ಈ ಮನೆಯ ಮಲ್ಲಿಗೆ ದೇವರಿಗೆ ಮತ್ತು ಮದುಮಗಳಿಗೆ ಮಾತ್ರ ಎಂಬುದು ಅವನ ತಾಯಿಯ ಕಾಲದ ಕಟ್ಟುನಿಟ್ಟು. ಹೆಂಡತಿಯ ಮುಖ ನೋಡಿ ಅವನು ಆ ಮಾತನ್ನು ಅಲ್ಲಿಗೇ ಬಿಟ್ಟ. “ಆಯ್ತು, ಕೊಂಡುಹೋಗು. ಹೂ ಇಟ್ಟು ಕೈಮುಗಿದು ಬಂದುಬಿಡು.”

“ಅಷ್ಟಕ್ಕೇ ಆಗುವುದಿಲ್ಲ. ಕಥೆ ಅರ್ಧದಲ್ಲಿ ಉಂಟು. ಪೆಟ್ಟಿಗೆ ಮುಚ್ಚುವ ಮೊದಲು ಹೇಳಿ ಮುಗಿಸಬೇಕು.”

“ಬೈಬಲಿನಲ್ಲಿ ಅವರಿಗೆ ಗೊತ್ತಿಲ್ಲದ ಕಥೆ ಯಾವುದುಂಟು ಮಾರಾಯ್ತಿ?”

“ಗೊತ್ತುಂಟು. ಆದರೆ ನಾಳೆ ಹೇಳ್ತೇನೆ ಅಂದದ್ದು ನಾನಲ್ವಾ?”

ಕರುಣಾಕರ ಬುಟ್ಟಿಯ ಹಗ್ಗ ಬಿಗಿದ. ಸ್ಕೂಟರು ಹೊರಟಿತು. ಬೇಬಿ ನಾರನ್ನು ಇನ್ನೊಮ್ಮೆ ನೀರಿನಲ್ಲಿ ಅದ್ದಿದಳು.

*

ಮನೋರಮಾ ಬಾಯಮ್ಮ ಈ ಜಗಲಿಗೆ ಮೊದಲು ಬಂದದ್ದು ಬೇಬಿ ಮದುವೆಯಾಗಿ ಬಂದ ವರ್ಷ. ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳಲು ಅವರ ಚರ್ಚಿನ ಸಭೆ ನೇಮಿಸಿದ ಹೆಂಗಸು. ಒಂದು ಕೊಡೆ, ಒಂದು ಕೈಚೀಲ, ಚೀಲದಲ್ಲಿ ಬೆನ್ನು ಕಿತ್ತುಹೋದ ದಪ್ಪ ಪುಸ್ತಕ. ಬೆಳಿಗ್ಗೆ ಅಕ್ಕಪಕ್ಕದ ಹೆಂಗಸರು ಹೂ ಕಟ್ಟಲು ಕೂತಾಗ ಕೈಗೆ ಕೆಲಸವಿದ್ದರೂ ಕಿವಿ ಖಾಲಿ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ದಿನವೇ ಕರುಣಾಕರ ಕೇಳಿಬಿಟ್ಟಿದ್ದ. “ಎಂತ ಬಾಯಮ್ಮ, ನಮ್ಮ ಹೆಂಗಸರನ್ನೆಲ್ಲ ಚರ್ಚಿಗೆ ಸೇರಿಸುವ ಅಂದಾಜಾ?”

“ಅವರಿಗೆ ಕಥೆ ಬೇಕು, ನನಗೆ ಕೂತುಕೊಳ್ಳಲು ನೆರಳು ಬೇಕು” ಎಂದು ಬಾಯಮ್ಮ ನಕ್ಕಿದ್ದರು. ಆಮೇಲೆ ಯಾರೂ ಚರ್ಚಿಗೆ ಸೇರಲಿಲ್ಲ. ಕಥೆ ತಪ್ಪಿಸಿಕೊಂಡವರೂ ಇಲ್ಲ.

ಓದುವುದು ಕನ್ನಡದಲ್ಲಿ, ಬಿಡಿಸಿ ಹೇಳುವುದು ತುಳುವಿನಲ್ಲಿ. ಐಗುಪ್ತ ದೇಶ, ಎಂದರೆ ಈಜಿಪ್ಟ್, ಬಜಗೋಳಿ ದಾಟಿ ಘಟ್ಟ ಹತ್ತಿದ ಮೇಲೆ ಎಲ್ಲೋ ಇದೆ ಎಂದೇ ಜಗಲಿಯವರ ನಂಬಿಕೆ. ಹೊಟ್ಟೆಕಿಚ್ಚಿನ ಅಣ್ಣಂದಿರು ಮಾರಿಬಿಟ್ಟ ಯೋಸೇಫ ಆ ಐಗುಪ್ತದಲ್ಲಿ ದೊಡ್ಡ ಅಧಿಕಾರಿಯಾದ ಎಂದಾಗ, “ದುಬೈಗೆ ಹೋದವರ ಹಾಗೆ” ಎಂದು ಒಬ್ಬಳು ತೀರ್ಮಾನ ಕೊಟ್ಟಿದ್ದಳು.

ಬಾಯಮ್ಮನದು ಒಂದೇ ಕೆಟ್ಟ ಚಾಳಿ. ಕಥೆ ಎಲ್ಲಿ ಉಸಿರು ಹಿಡಿಸುತ್ತದೋ ಅಲ್ಲಿಗೇ ಪುಸ್ತಕ ಮುಚ್ಚಿ “ಉಳಿದದ್ದು ನಾಳೆ” ಎಂದು ಕೊಡೆ ಬಿಚ್ಚುವುದು. ಒಮ್ಮೆ ಬುಟ್ಟಿಯಲ್ಲಿ ಮಲಗಿಸಿ ನದಿಯಲ್ಲಿ ಬಿಟ್ಟ ಕೂಸನ್ನು ಅಲ್ಲೇ ನೀರಿನ ಮೇಲೆ ಬಿಟ್ಟು ಎದ್ದುಬಿಟ್ಟರು. ಬೇಬಿ ಆಗ ಬಸುರಿ. ಗೇಟಿನವರೆಗೆ ಹಿಂದೆಯೇ ಓಡಿದಳು.

“ಮಗು ಉಳಿಯಿತಾ? ಅಷ್ಟಾದರೂ ಹೇಳಿ ಬಾಯಮ್ಮ.”

ಬಾಯಮ್ಮ ಅವಳನ್ನೊಮ್ಮೆ ನೋಡಿ ಚೀಲದಿಂದ ಪುಸ್ತಕ ತೆಗೆದುಕೊಟ್ಟರು. “ಹೇಳುವುದಿಲ್ಲ. ಓದಿಕೋ.”

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಬೇಬಿ ಮಧ್ಯಾಹ್ನವಿಡೀ ಅಕ್ಷರಕ್ಕೆ ಅಕ್ಷರ ಕೂಡಿಸಿದಳು. ಮಗು ಬದುಕಿತು ಎಂಬಲ್ಲಿಗೆ ಮುಟ್ಟುವಷ್ಟರಲ್ಲಿ ಬೆವರಿ ಒದ್ದೆಯಾಗಿದ್ದಳು. ಅಂದಿನಿಂದ ಅವಳು ಓದುವುದನ್ನು ಬಿಡಲಿಲ್ಲ.

*

ಬಾಯಮ್ಮನ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅವರನ್ನು ಕೊನೆಯವರೆಗೆ ನೋಡಿಕೊಂಡ ತಂಗಿಯ ಮಗಳು ಡೈನಾ ಬೇಬಿಯ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಪೆಟ್ಟಿಗೆಯಲ್ಲಿ ಬಾಯಮ್ಮ ಬಿಳಿ ಸೀರೆಯಲ್ಲಿ ಮಲಗಿದ್ದರು. ಎದೆಯ ಮೇಲೆ ಮಡಚಿದ ಕೈಗಳ ಕೆಳಗೆ ಅದೇ ಪುಸ್ತಕ. ಅದನ್ನು ಕಂಡದ್ದೇ ಬೇಬಿಗೆ ಅಳು ಒತ್ತರಿಸಿ ಬಂತು.

“ಹೋಗುವಾಗ ಕಷ್ಟಪಡಲಿಲ್ಲ ಅಕ್ಕ. ನಿದ್ದೆಯಲ್ಲೇ” ಎಂದಳು ಡೈನಾ.

ಬೇಬಿ ಮೂಗು ಒರೆಸಿಕೊಂಡು ತನ್ನ ಆಸೆ ಹೇಳಿದಳು. ಡೈನಾ ಸಭೆಯ ಹಿರಿಯ ಉಮಾನಾಥರನ್ನು ಕರೆತಂದಳು. ಅವರು ಗಡಿಯಾರ ನೋಡಿಕೊಂಡರು.

“ಪ್ರಾರ್ಥನೆ, ಕೀರ್ತನೆ, ಎಲ್ಲದಕ್ಕೂ ಒಂದು ಕ್ರಮ ಉಂಟಲ್ವಾ? ಮಧ್ಯದಲ್ಲಿ ಕಥೆ ಅಂದರೆ ಹೇಗೆ? ಅದೂ ನೀವು ಸಭೆಯವರಲ್ಲ. ಆಮೇಲೆ ನಾಲ್ಕು ಜನ ನಾಲ್ಕು ಮಾತಾಡ್ತಾರೆ, ನಿಮಗೂ ನಮಗೂ.”

ಸಿಟ್ಟಿನಿಂದ ಹೇಳಿದ ಮಾತಲ್ಲ. ಅವರಿಗೂ ಅವರದೇ ಹೆದರಿಕೆ. ಹೊಸದಾಗಿ ಬಂದಿದ್ದ ತರುಣ ಪಾದ್ರಿ ಹತ್ತಿರ ಬಂದರು.

“ಏನಮ್ಮಾ, ಪ್ರಾರ್ಥನೆ ಮಾಡಬೇಕಾ?”

“ಅಲ್ಲ ಅಯ್ಯನವರೇ. ಒಂದು ಕಥೆಯ ಉಳಿದ ಭಾಗ. ಹೇಳ್ತೇನೆ ಅಂತ ಮಾತು ಕೊಟ್ಟಿದ್ದೆ.”

“ಸಂಜೆಯಾದರೆ ದೊಡ್ಡಮ್ಮನ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು ಅಯ್ಯನವರೇ. ಬೇಬಿ ಬಂದಳಾ, ಬೇಬಿ ಬಂದಳಾ ಅಂತ” ಎಂದಳು ಡೈನಾ.

*

ಬಾಯಮ್ಮನಿಗೆ ಕಣ್ಣು ಪೂರ್ತಿ ಹೋದಮೇಲೆ ಓದುವ ಕೆಲಸ ಬೇಬಿಯದಾಗಿತ್ತು. ಮೊನ್ನೆ ಸಂಜೆ ಅವಳು ಓದುತ್ತಿದ್ದದ್ದು ಯೋಸೇಫನದೇ. ಬರಗಾಲ ಬಂದು ಅಣ್ಣಂದಿರು ದವಸ ಬೇಡಿಕೊಂಡು ಐಗುಪ್ತಕ್ಕೆ ಬಂದಿದ್ದಾರೆ. ಎದುರಿಗಿರುವ ಅಧಿಕಾರಿ ತಾವು ಮಾರಿದ ತಮ್ಮನೆಂದು ಅವರಿಗೆ ಗೊತ್ತಿಲ್ಲ. ಯೋಸೇಫ ದುಃಖ ತಡೆಯಲಾಗದೆ ಆಳುಗಳನ್ನೆಲ್ಲ ಹೊರಗೆ ಕಳಿಸುತ್ತಾನೆ. ಇನ್ನೇನು ಬಾಯಿ ತೆರೆಯಬೇಕು.

ಬೇಬಿ ಪುಸ್ತಕ ಮುಚ್ಚಿದಳು. “ಉಳಿದದ್ದು ನಾಳೆ.”

“ಕಳ್ಳಿ! ನನ್ನ ಮದ್ದನ್ನು ನನಗೇ ಕುಡಿಸ್ತೀಯಾ?” ಬಾಯಮ್ಮ ಹಲ್ಲಿಲ್ಲದ ಬಾಯಿಂದ ಎಷ್ಟು ನಕ್ಕರೆಂದರೆ ಡೈನಾ ನೀರು ತಂದು ಕುಡಿಸಬೇಕಾಯಿತು. ನಾಳೆ ಎಂಬುದು ಅವರಿಗಿರಲಿಲ್ಲ.

*

“ಹೇಳಿ ಅಮ್ಮಾ. ಮುಚ್ಚಳ ಹಾಕುವುದು ಅದಾದ ಮೇಲೆಯೇ” ಎಂದರು ಪಾದ್ರಿ.

ಡೈನಾ ಪುಸ್ತಕ ತೆಗೆಯಲು ಹೋದಾಗ ಬೇಬಿ ತಡೆದಳು. “ಬೇಡ, ಅವರ ಕೈಯಲ್ಲೇ ಇರಲಿ.” ಮಲ್ಲಿಗೆಯನ್ನು ಆ ಕೈಗಳ ಸುತ್ತ ಬಳಸಿ, ಪೆಟ್ಟಿಗೆಯ ಪಕ್ಕ ಚಾಪೆಯ ಮೇಲೆ ಕೂತಳು. ಹೂ ಕಟ್ಟುವಾಗ ಕೂರುವ ಹಾಗೆಯೇ ಕೂತಳು. ತುಳುವಿನಲ್ಲಿ ಶುರುಮಾಡಿದಳು.

ನಾನೇ ನಿಮ್ಮ ತಮ್ಮ ಎಂದು ಯೋಸೇಫ ಹೇಳಿದ್ದು, ಅವನ ಅಳು ಹೊರಗಿನವರಿಗೂ ಕೇಳಿಸಿದ್ದು, ಅಣ್ಣಂದಿರಿಗೆ ನಾಲಗೆ ಹೊರಳದೆ ಹೋದದ್ದು. ಅಪ್ಪ ಇದ್ದಾರಾ ಎಂದು ಅವನು ಕೇಳಿದ್ದು. ಅಣ್ಣಂದಿರು ಊರಿಗೆ ಮರಳಿ ಮಗ ಬದುಕಿದ್ದಾನೆ ಎಂದರೆ ಮುದುಕ ಅಪ್ಪ ನಂಬಲೇ ಇಲ್ಲವಂತೆ. ಕರೆದುಕೊಂಡು ಹೋಗಲು ಯೋಸೇಫ ಕಳಿಸಿದ ಗಾಡಿಗಳು ಅಂಗಳದಲ್ಲಿ ನಿಂತದ್ದನ್ನು ಕಂಡಮೇಲೆಯೇ ಅವನಿಗೆ ಜೀವ ಬಂದದ್ದು. ಸಾಯುವ ಮೊದಲು ಮಗನ ಮುಖ ನೋಡಬೇಕು ಎಂದು ಗಾಡಿ ಹತ್ತಿದ. ದಾರಿ ಸಾಗಿತು. ದೂರದಲ್ಲಿ ಧೂಳೆದ್ದಿತು. ಎದುರಿನಿಂದ ಯಾರೋ ರಥದಲ್ಲಿ ಬರುತ್ತಿದ್ದರು.

ಅಲ್ಲಿಗೆ ಬೇಬಿ ಕಥೆ ನಿಲ್ಲಿಸಿದಳು. ಇನ್ನು ಅಪ್ಪ ಮಗ ಕೂಡಿದ ಒಂದೇ ಮಾತು ಉಳಿದಿತ್ತು. ಅದನ್ನು ಹೇಳಿದರೆ ಮುಗಿಯಿತು, ಮತ್ತೆ ಬಾಯಮ್ಮನಿಗೆ ಹೇಳಲು ತನ್ನಲ್ಲಿ ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಆಗಷ್ಟೇ ಹೊಳೆಯಿತು.

“ಆಮೇಲೆ?” ಎಂದರು ಉಮಾನಾಥ. ಬಾಲ್ಯದಿಂದ ಆ ಕಥೆ ಕೇಳುತ್ತ ಬಂದವರು, ಯಾವಾಗ ಚಾಪೆಯ ಅಂಚಿಗೆ ಬಂದು ಕೂತರೋ ಯಾರೂ ನೋಡಿರಲಿಲ್ಲ.

ಬೇಬಿ ಪೆಟ್ಟಿಗೆಯ ಮೇಲೆ ಬಾಗಿದಳು.

“ಉಳಿದದ್ದು ನಾಳೆ ಬಾಯಮ್ಮ. ನಾನು ಅಲ್ಲಿಗೆ ಬಂದಾಗ ನೀವೇ ಹೇಳಿ.”

ಗಂಡಸರು ಮುಚ್ಚಳ ಎತ್ತಿ ತಂದರು. ಹೂ ಕಟ್ಟಿ ಮುಗಿಸಿದವರು ಕೊನೆಗೆ ಗಂಟು ಹಾಕಿ ಮಿಕ್ಕ ನಾರನ್ನು ಕತ್ತರಿಸುತ್ತಾರೆ. ಬೇಬಿ ಬೆಳಿಗ್ಗೆಯ ಗಡಿಬಿಡಿಯಲ್ಲಿ ಅದನ್ನು ಮರೆತಿದ್ದಳು. ಪೆಟ್ಟಿಗೆ ಹೆಗಲೇರಿ ಗೇಟು ದಾಟುವಾಗ, ಮುಚ್ಚಳದ ಅಂಚಿನಿಂದ ಬಾಳೆನಾರಿನ ಉದ್ದ ತುದಿಯೊಂದು ಹೊರಗೆ ಇಳಿಬಿದ್ದು ತೂಗುತ್ತಿತ್ತು.